ಕೈಯಲ್ಲಿ ಉಳಿದ ದುಡ್ಡು ಪಿಪಿಎಫ್‌ಗೋ, ಹೋಮ್ ಲೋನ್‌ಗೋ? ಲೆಕ್ಕ ಹಾಕಿ ತೀರ್ಮಾನಿಸುವ ಬಗೆ

ಬೋನಸ್ ಬಂದಿದೆ, ಅಥವಾ ಒಂದು ಎಫ್‌ಡಿ ಮುಗಿದಿದೆ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಹೋಮ್ ಲೋನ್ ಇನ್ನೂ ಹದಿನೈದು ವರ್ಷ ಬಾಕಿ. ಮನೆಯ ಹಿರಿಯರು ಸಾಲ ಇಟ್ಟುಕೊಂಡು ಉಳಿತಾಯ ಎಂಥದ್ದು, ಮೊದಲು ತೀರಿಸು ಅಂತಾರೆ. ಆಫೀಸಿನವರು ಪಿಪಿಎಫ್ (ಸರ್ಕಾರದ 15 ವರ್ಷದ ಉಳಿತಾಯ ಯೋಜನೆ) ಬಡ್ಡಿಗೆ ಟ್ಯಾಕ್ಸೇ ಇಲ್ಲ, ಲೋನ್ ಬಡ್ಡಿಗೆ ಟ್ಯಾಕ್ಸ್ ವಿನಾಯಿತಿ ಬೇರೆ ಸಿಗುತ್ತೆ, ಯಾಕೆ ತೀರಿಸ್ತೀರಾ ಅಂತಾರೆ.

ಎರಡೂ ಮಾತು ಕೆಲವರಿಗೆ ಸರಿ, ಕೆಲವರಿಗೆ ತಪ್ಪು. ಯಾರಿಗೆ ಯಾವುದು ಸರಿ ಅನ್ನುವುದನ್ನು ನಿಮ್ಮ ಲೋನ್ ಸ್ಟೇಟ್‌ಮೆಂಟ್ ಮತ್ತು ಫಾರ್ಮ್ 16 ಎದುರಿಗಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು. ಇಡೀ ಸಾಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಈಗ ಕಟ್ಟಬೇಕು ಅಂದುಕೊಂಡಿರುವ ಮುಂದಿನ ರೂಪಾಯಿಯ ಮೇಲೆ ಮಾತ್ರ ಗಮನ ಇಡಿ. ಆ ಒಂದು ರೂಪಾಯಿ ಸಾಲಕ್ಕೆ, ಟ್ಯಾಕ್ಸ್ ಲಾಭ ಕಳೆದ ಮೇಲೆ, ಬ್ಯಾಂಕ್ ನಿಮ್ಮಿಂದ ನಿಜವಾಗಿ ಎಷ್ಟು ಬಡ್ಡಿ ತೆಗೆದುಕೊಳ್ಳುತ್ತಿದೆ? ಅದು ಪಿಪಿಎಫ್ ಕೊಡುವುದಕ್ಕಿಂತ ಜಾಸ್ತಿ ಇದ್ದರೆ ಸಾಲ ತೀರಿಸಿ, ಕಡಿಮೆ ಇದ್ದರೆ ಪಿಪಿಎಫ್‌ಗೆ ಹಾಕಿ. ಮುಂದೆ ಬರುವ ಹಂತಗಳೆಲ್ಲ ಈ ಒಂದು ಸಂಖ್ಯೆಯನ್ನು ಸರಿಯಾಗಿ ಹಿಡಿಯುವುದಕ್ಕೆ.

ಮೊದಲು: ಈ ದುಡ್ಡು ನಿಜಕ್ಕೂ ಉಳಿದ ದುಡ್ಡಾ?

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಇಲ್ಲಿಗೇ ನಿಲ್ಲಿಸಿ. ಕಾರ್ಡ್ ಬಡ್ಡಿ ತಿಂಗಳಿಗೆ ಶೇ 3ರಿಂದ 3.5ರವರೆಗೂ ಇರುತ್ತದೆ, ವರ್ಷಕ್ಕೆ ಶೇ 36 ದಾಟುತ್ತದೆ. ಅದರ ಮುಂದೆ ಪಿಪಿಎಫ್ ಕೂಡ ಬೇಡ, ಹೋಮ್ ಲೋನ್ ಕೂಡ ಬೇಡ. ಪರ್ಸನಲ್ ಲೋನ್ ಇದ್ದರೂ ಅದೇ ಮಾತು. ಅದು ಮೊದಲು ಹೋಗಲಿ.

ಆಮೇಲೆ ತುರ್ತು ನಿಧಿ. ಇದರ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಸಾಲ ತೀರಿಸುವ ಉತ್ಸಾಹದಲ್ಲಿ ಇದನ್ನೇ ಎಲ್ಲರೂ ಮರೆಯುವುದು. ನೀವು ಲೋನ್‌ಗೆ ಐದು ಲಕ್ಷ ಹೆಚ್ಚುವರಿ ಕಟ್ಟಿದಿರಿ ಅಂದುಕೊಳ್ಳಿ. ಮುಂದಿನ ತಿಂಗಳೇ ಕೆಲಸ ಹೋಯಿತು. ಐದು ಲಕ್ಷ ಮುಂಚೆಯೇ ಕಟ್ಟಿದ್ದಾರಲ್ಲ, ಇವರಿಗೆ ಆರು ತಿಂಗಳು ರಜೆ ಕೊಡೋಣ ಅಂತ ಬ್ಯಾಂಕ್ ಹೇಳುವುದಿಲ್ಲ. ಮುಂದಿನ ತಿಂಗಳ ಇಎಂಐ ಆ ತಾರೀಖಿಗೆ ಹೋಗಲೇಬೇಕು. ನೀವು ಕಟ್ಟಿದ ಐದು ಲಕ್ಷ ಸಾಲದ ಕೊನೆಯ ಕಂತುಗಳನ್ನು ಕತ್ತರಿಸಿದೆ, ಮುಂದಿನ ಕಂತುಗಳನ್ನಲ್ಲ. ಪಿಪಿಎಫ್ ಕೂಡ ಅಷ್ಟೇ, ಮೊದಲ ವರ್ಷಗಳಲ್ಲಿ ಹಾಕಿದ್ದು ಸುಲಭವಾಗಿ ಈಚೆ ಬರುವುದಿಲ್ಲ. ಹಾಗಾಗಿ ಆರು ತಿಂಗಳ ಮನೆಖರ್ಚು ಮತ್ತು ಆರು ಇಎಂಐ ಆಗುವಷ್ಟನ್ನು ಸೇವಿಂಗ್ಸ್ ಖಾತೆಯಲ್ಲೋ, ಯಾವಾಗ ಬೇಕಾದರೂ ಮುರಿಯಬಹುದಾದ ಎಫ್‌ಡಿಯಲ್ಲೋ ಇಡಿ. ಒಬ್ಬರ ಸಂಬಳದಲ್ಲೇ ಮನೆ ನಡೆಯುತ್ತಿದ್ದರೆ ಇನ್ನೂ ಜಾಸ್ತಿ ಇರಲಿ. ಸಾಲದ ಮೊತ್ತಕ್ಕಾದರೂ ಸಾಕಾಗುವ ಟರ್ಮ್ ಇನ್ಶೂರೆನ್ಸ್, ಮನೆಮಂದಿಗೆಲ್ಲ ಹೆಲ್ತ್ ಇನ್ಶೂರೆನ್ಸ್ ಇರಬೇಕು. ಇಷ್ಟೆಲ್ಲ ಆದ ಮೇಲೆ ಉಳಿದರೆ ಅದು ಉಳಿದ ದುಡ್ಡು.

ಹಂತ 1: ನಿಮ್ಮ ಲೋನ್‌ನ ಇಂದಿನ ಬಡ್ಡಿ ನೋಡಿ

ಸಾಲ ತೆಗೆದುಕೊಂಡಾಗ ಇದ್ದ ಬಡ್ಡಿ ಅಲ್ಲ, ಇಂದಿನದು. ಸಾಲಗಾರರಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಸಿಗಬೇಕು ಅಂತ ಆರ್‌ಬಿಐ 2023ರ ಆಗಸ್ಟ್‌ನಲ್ಲೇ ಹೇಳಿದೆ. ಇಲ್ಲಿಯವರೆಗೆ ಕಟ್ಟಿದ ಅಸಲು, ಬಡ್ಡಿ, ಇಎಂಐ, ಉಳಿದ ಕಂತುಗಳ ಸಂಖ್ಯೆ, ಬಡ್ಡಿ ದರ, ಎಲ್ಲ ಅದರಲ್ಲಿ ಇರಬೇಕು. ನೆಟ್ ಬ್ಯಾಂಕಿಂಗ್‌ನಲ್ಲಿ ಹುಡುಕಿ, ಸಿಗದಿದ್ದರೆ ಶಾಖೆಯಲ್ಲಿ ಕೇಳಿ ಪಡೆಯಿರಿ.

ನೋಡಿದಾಗ ಕೆಲವರಿಗೆ ಆಶ್ಚರ್ಯ ಆಗುತ್ತದೆ. 2025ರ ಒಂದೇ ವರ್ಷದಲ್ಲಿ ಆರ್‌ಬಿಐ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿ ದರ) ಶೇ 6.5ರಿಂದ 5.25ಕ್ಕೆ ಇಳಿಸಿತು. 2019ರ ಅಕ್ಟೋಬರ್ ನಂತರ ಬ್ಯಾಂಕಿನಿಂದ ಫ್ಲೋಟಿಂಗ್ ದರದಲ್ಲಿ ಸಾಲ ಪಡೆದಿದ್ದರೆ ಅದು ಸಾಮಾನ್ಯವಾಗಿ ರೆಪೊಗೆ ಜೋಡಣೆ ಆಗಿರುತ್ತದೆ, ಹಾಗಾಗಿ ಈ ಇಳಿಕೆ ನಿಮಗೂ ಬಂದಿರಬೇಕು. ಅದಕ್ಕಿಂತ ಹಳೆಯ ಸಾಲ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಅನ್ನುವ, ಬ್ಯಾಂಕ್ ತಾನೇ ಲೆಕ್ಕ ಹಾಕುವ ದರದ ಮೇಲೆ ನಿಂತಿರಬಹುದು, ಅಲ್ಲಿ ಇಳಿಕೆ ತಡವಾಗಿ, ಅರೆಬರೆಯಾಗಿ ಬರುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳ ಸಾಲವಾದರೆ ಅವರದೇ ಆಂತರಿಕ ದರ ಇರುತ್ತದೆ. ಹೊಸ ಗ್ರಾಹಕರಿಗೆ ನಿಮ್ಮದೇ ಬ್ಯಾಂಕ್ ಕೊಡುತ್ತಿರುವ ದರಕ್ಕಿಂತ ನೀವು ಮುಕ್ಕಾಲು, ಒಂದು ಪರ್ಸೆಂಟ್ ಜಾಸ್ತಿ ಕಟ್ಟುತ್ತಿದ್ದರೆ ಪಿಪಿಎಫ್ ಪ್ರಶ್ನೆ ಎತ್ತುವ ಮೊದಲು ದರ ಬದಲಿಸಿಕೊಳ್ಳಿ. ಒಂದಿಷ್ಟು ಕನ್ವರ್ಶನ್ ಫೀಸು, ಒಂದು ಅರ್ಜಿ, ಅಷ್ಟೇ. ಇದರಿಂದ ಆಗುವ ಉಳಿತಾಯ ಎಷ್ಟೋ ಸಲ ಈ ಇಡೀ ಚರ್ಚೆಗಿಂತ ದೊಡ್ಡದು.

ಹಂತ 2: ಪಿಪಿಎಫ್ ಕಡೆಯ ಸಂಖ್ಯೆ

ಪಿಪಿಎಫ್ ದರ 2020ರ ಏಪ್ರಿಲ್‌ನಲ್ಲಿ ಶೇ 7.9ರಿಂದ 7.1ಕ್ಕೆ ಇಳಿಯಿತು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿದೆ. ಸರ್ಕಾರ ಪ್ರತಿ ಮೂರು ತಿಂಗಳಿಗೊಮ್ಮೆ ಇದನ್ನು ಘೋಷಿಸುತ್ತದೆ, ಅಂದರೆ ಬದಲಾಗಬಹುದು. ಬಡ್ಡಿಗೆ ಪೂರ್ತಿ ತೆರಿಗೆ ವಿನಾಯಿತಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿದ್ದರೂ ಅಷ್ಟೇ, ಹೊಸ ಪದ್ಧತಿಯಲ್ಲಿದ್ದರೂ ಅಷ್ಟೇ. ಹೊಸ ಪದ್ಧತಿಗೆ ಹೋದರೆ ಪಿಪಿಎಫ್ ಬಡ್ಡಿಗೂ ಟ್ಯಾಕ್ಸ್ ಬೀಳುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಹೊಸ ಪದ್ಧತಿಯಲ್ಲಿ ಸಿಗದಿರುವುದು ಹಾಕಿದ ಮೊತ್ತವನ್ನು ಆದಾಯದಿಂದ ಕಳೆಯಲು ಬಿಡುವ 80ಸಿ ಕಡಿತ ಮಾತ್ರ.

ಈ 7.1 ಎಷ್ಟು ದೊಡ್ಡದು ಅಂತ ತಿಳಿಯಲು ಎಫ್‌ಡಿ ಜೊತೆ ಇಟ್ಟು ನೋಡಿ. ನೀವು ಶೇ 30ರ ತೆರಿಗೆ ಸ್ಲ್ಯಾಬ್ ಅಂದುಕೊಳ್ಳಿ, ಸೆಸ್ ಸೇರಿ ತೆರಿಗೆ ಶೇ 31.2. ಶೇ 7 ಬಡ್ಡಿಯ ಎಫ್‌ಡಿಯಲ್ಲಿ ಕೈಗೆ ಉಳಿಯುವುದು 4.8 ಮಾತ್ರ. ಪಿಪಿಎಫ್‌ಗೆ ಸರಿಸಮ ಆಗಬೇಕಾದರೆ ಎಫ್‌ಡಿ ಶೇ 10.3 ಕೊಡಬೇಕು. ಹಾಗಾಗಿ ಎಫ್‌ಡಿ ಇಟ್ಟುಕೊಂಡು ಹೋಮ್ ಲೋನ್ ಬಡ್ಡಿ ಕಟ್ಟುತ್ತಾ ಕೂತಿರುವವರು, ತುರ್ತು ನಿಧಿ ಬಿಟ್ಟು ಉಳಿದದ್ದನ್ನು ಸಾಲಕ್ಕೆ ಕಟ್ಟುವುದರಲ್ಲಿ ಹೆಚ್ಚು ಯೋಚಿಸುವುದೇನೂ ಇಲ್ಲ. ಕಷ್ಟದ ಪ್ರಶ್ನೆ ಇರುವುದು ಪಿಪಿಎಫ್ ವಿಷಯದಲ್ಲಿ ಮಾತ್ರ.

ಇನ್ನೊಂದು ಸಣ್ಣ ವಿಷಯ. ಪಿಪಿಎಫ್ ಬಡ್ಡಿ ವರ್ಷಕ್ಕೊಮ್ಮೆ ಜಮಾ ಆಗುತ್ತದೆ, ಲೋನ್ ಬಡ್ಡಿ ತಿಂಗಳು ತಿಂಗಳು ಲೆಕ್ಕ ಆಗುತ್ತದೆ. ಶೇ 8.5ರ ಲೋನ್ ವರ್ಷದ ಲೆಕ್ಕದಲ್ಲಿ ನಿಜವಾಗಿ 8.84 ಆಗುತ್ತದೆ. ಇದನ್ನು ತಿರುಗಿಸಿ ಹೇಳಿದರೆ, ಪಿಪಿಎಫ್‌ನ 7.1ಕ್ಕೆ ಸಮ ಆಗುವ ಲೋನ್ ದರ ಸುಮಾರು 6.9. ಈ 6.9 ನೆನಪಿಡಿ. ಇದೇ ನಮ್ಮ ಗೆರೆ. ಟ್ಯಾಕ್ಸ್ ಲಾಭ ಕಳೆದ ಮೇಲೆ ನಿಮ್ಮ ಲೋನ್ ದರ ಇದಕ್ಕಿಂತ ಮೇಲಿದ್ದರೆ ಸಾಲ ತೀರಿಸುವುದು ಲಾಭ, ಕೆಳಗಿದ್ದರೆ ಪಿಪಿಎಫ್ ಲಾಭ.

ಹಂತ 3: ಟ್ಯಾಕ್ಸ್ ಲಾಭ ಕಳೆಯಿರಿ. ಎಡವುವುದು ಇಲ್ಲೇ

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಆದರೆ ಎಲ್ಲರ ಬಾಯಲ್ಲಿ ಇರುವುದು 80ಸಿ, 24(ಬಿ) ಅಂತಲೇ, ನಾನೂ ಹಾಗೇ ಬರೆಯುತ್ತೇನೆ.

ಹೊಸ ಪದ್ಧತಿಯಲ್ಲಿ ಇದ್ದೀರಾ? ನೀವೇ ವಾಸ ಇರುವ ಮನೆಯ ಲೋನ್ ಬಡ್ಡಿಗೆ ಯಾವ ಕಡಿತವೂ ಇಲ್ಲ, ಅಸಲಿಗೂ ಇಲ್ಲ. ಲೆಕ್ಕ ಮುಗಿಯಿತು. ನಿಮ್ಮ ಲೋನ್ ದರ 8.5 ಇದ್ದರೆ ಮುಂದಿನ ರೂಪಾಯಿಯ ನಿಜವಾದ ದರವೂ 8.5. ಗೆರೆ 6.9. ಸಾಲ ತೀರಿಸಿ.

ಹಳೇ ಪದ್ಧತಿಯಲ್ಲಿ ಇದ್ದರೆ 24(ಬಿ) ಪ್ರಕಾರ ವರ್ಷಕ್ಕೆ 2 ಲಕ್ಷದವರೆಗೆ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಇದನ್ನೇ ಹಿಡಿದುಕೊಂಡು, ನನ್ನ ಲೋನ್ 8.5, ಅದರಲ್ಲಿ 31.2 ಪರ್ಸೆಂಟ್ ಟ್ಯಾಕ್ಸ್ ಉಳಿಯುತ್ತೆ, ಅಂದರೆ ನಿಜವಾದ ದರ 5.85, ಆದ್ದರಿಂದ ಪಿಪಿಎಫ್ ಬೆಸ್ಟ್ ಅಂತ ಲೆಕ್ಕ ಹಾಕುವವರು ಬಹಳ. ಈ ಲೆಕ್ಕ ಮುಂದಿನ ರೂಪಾಯಿಗೆ ಎಲ್ಲರ ವಿಷಯದಲ್ಲೂ ಸರಿಹೋಗುವುದಿಲ್ಲ.

ಒಂದು ಉದಾಹರಣೆ ಹಿಡಿಯೋಣ. 40 ಲಕ್ಷ ಸಾಲ, ಶೇ 8.5, 20 ವರ್ಷ. ಇಎಂಐ 34,713 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 28,333, ಅಸಲಿಗೆ ಹೋಗುವುದು 6,380 ಮಾತ್ರ. ಮೊದಲ ವರ್ಷ ಕಟ್ಟುವ ಒಟ್ಟು ಬಡ್ಡಿ ಸುಮಾರು 3.37 ಲಕ್ಷ. ಕಡಿತ ಸಿಗುವುದು ಅದರಲ್ಲಿ 2 ಲಕ್ಷಕ್ಕೆ. ಉಳಿದ 1.37 ಲಕ್ಷ ಬಡ್ಡಿಗೆ ಏನೂ ಇಲ್ಲ, ಅದು ಸುಮ್ನೆ ಹೋಗುತ್ತದೆ. ಈಗ ನೀವು 1.5 ಲಕ್ಷ ಹೆಚ್ಚುವರಿ ಕಟ್ಟಿದರೆ ವರ್ಷಕ್ಕೆ ಸುಮಾರು 12,750 ರೂಪಾಯಿ ಬಡ್ಡಿ ಕಡಿಮೆ ಆಗುತ್ತದೆ. ಅದು ಯಾವ ಭಾಗದಿಂದ ಕಡಿಮೆ ಆಯಿತು? ಕಡಿತ ಸಿಗದ 1.37 ಲಕ್ಷದ ಭಾಗದಿಂದ. ನಿಮ್ಮ 2 ಲಕ್ಷದ ಕಡಿತ ಹಾಗೇ ಉಳಿದಿದೆ, ಟ್ಯಾಕ್ಸ್ ಒಂದು ರೂಪಾಯಿಯೂ ಜಾಸ್ತಿ ಆಗಲಿಲ್ಲ. ಅಂದರೆ ಆ ಮುಂದಿನ ರೂಪಾಯಿಯ ನಿಜವಾದ ದರ ಪೂರ್ತಿ 8.5. ಹಳೇ ಪದ್ಧತಿ, 30ರ ಸ್ಲ್ಯಾಬ್, ಎಲ್ಲ ಇದ್ದರೂ ಇವರಿಗೂ ಸಾಲ ತೀರಿಸುವುದೇ ಲಾಭ.

ಪರಿಸ್ಥಿತಿ ತಿರುಗುವುದು ವರ್ಷದ ಬಡ್ಡಿ 2 ಲಕ್ಷಕ್ಕಿಂತ ಕೆಳಗೆ ಇಳಿದಾಗ. 2 ಲಕ್ಷವನ್ನು ನಿಮ್ಮ ಬಡ್ಡಿ ದರದಿಂದ ಭಾಗಿಸಿ. 8.5ಕ್ಕೆ ಸುಮಾರು 23.5 ಲಕ್ಷ, 8ಕ್ಕೆ 25 ಲಕ್ಷ, 7.5ಕ್ಕೆ 26.7 ಲಕ್ಷ. ಬಾಕಿ ಸಾಲ ಇದಕ್ಕಿಂತ ಕೆಳಗಿದ್ದರೆ ನೀವು ಕಟ್ಟುವ ಎಲ್ಲ ಬಡ್ಡಿಗೂ ಕಡಿತ ಸಿಗುತ್ತಿದೆ. ಇನ್ನು ಮುಂದೆ ಹೆಚ್ಚುವರಿ ಕಟ್ಟಿದರೆ ಕಡಿತವೂ ಕಡಿಮೆ ಆಗುತ್ತದೆ. ಆಗ 30ರ ಸ್ಲ್ಯಾಬ್‌ನವರಿಗೆ 8.5ರ ಲೋನ್ ನಿಜವಾಗಿ 5.85ಕ್ಕೆ ಬೀಳುತ್ತದೆ, ಗೆರೆಗಿಂತ ತುಂಬಾ ಕೆಳಗೆ. ಪಿಪಿಎಫ್‌ಗೆ ಹಾಕಿ. 20ರ ಸ್ಲ್ಯಾಬ್‌ನವರಿಗೆ 6.73, ಗೆರೆಯ ಹತ್ತಿರ ಹತ್ತಿರ, ಯಾವುದು ಮಾಡಿದರೂ ದೊಡ್ಡ ವ್ಯತ್ಯಾಸ ಇಲ್ಲ. 5ರ ಸ್ಲ್ಯಾಬ್‌ನವರಿಗೆ 8ರ ಮೇಲೆಯೇ, ಸಾಲವೇ ತೀರಿಸಲಿ.

ನಮ್ಮ ಉದಾಹರಣೆಯ 40 ಲಕ್ಷದ ಸಾಲ ಬರೀ ಇಎಂಐ ಕಟ್ಟುತ್ತಾ ಹೋದರೆ 23.5 ಲಕ್ಷಕ್ಕೆ ಇಳಿಯಲು 12 ವರ್ಷ ದಾಟುತ್ತದೆ. ಅಲ್ಲಿಯವರೆಗೆ ಹೆಚ್ಚುವರಿ ದುಡ್ಡು ಸಾಲಕ್ಕೆ, ಆಮೇಲೆ ಪಿಪಿಎಫ್‌ಗೆ. ಒಬ್ಬರೇ ಸಾಲಗಾರರಾಗಿದ್ದು, ಹಳೇ ಪದ್ಧತಿಯಲ್ಲೇ ಮುಂದುವರಿಯುವ 30ರ ಸ್ಲ್ಯಾಬ್‌ನವರಿಗೆ ನನ್ನ ಸಲಹೆ ಇದೇ.

ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಮನೆ, ಇಬ್ಬರ ಹೆಸರಲ್ಲೂ ಲೋನ್, ಇಬ್ಬರೂ ಕಂತು ಕಟ್ಟುತ್ತಿದ್ದರೆ ಒಬ್ಬೊಬ್ಬರಿಗೂ 2 ಲಕ್ಷ, ಒಟ್ಟು 4 ಲಕ್ಷ. ಬಡ್ಡಿಯನ್ನು ಅರ್ಧರ್ಧ ಹಂಚಿಕೊಂಡರೆ ಮೇಲಿನ 3.37 ಲಕ್ಷಕ್ಕೂ ಪೂರ್ತಿ ಕಡಿತ ಸಿಗುತ್ತದೆ. ಇಬ್ಬರೂ ಹಳೇ ಪದ್ಧತಿಯಲ್ಲಿ 30ರ ಸ್ಲ್ಯಾಬ್‌ನಲ್ಲಿ ಇದ್ದರೆ ಮೊದಲ ದಿನದಿಂದಲೇ ನಿಜವಾದ ದರ 5.85. ಅದೇ ಮನೆ, ಅದೇ ಸಾಲ, ಆದರೆ ಉತ್ತರ ಪಿಪಿಎಫ್. ಪಕ್ಕದ ಮನೆಯವರ ತೀರ್ಮಾನ ನಕಲು ಮಾಡಬೇಡಿ ಅನ್ನುವುದು ಇದಕ್ಕೇ.

ಬಾಡಿಗೆಗೆ ಕೊಟ್ಟ ಮನೆಯಾದರೆ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯುವುದು ಹೊಸ ಪದ್ಧತಿಯಲ್ಲೂ ಆಗುತ್ತದೆ, ಆದರೆ ಅಲ್ಲಿ ನಷ್ಟ ಉಳಿದರೆ ಸಂಬಳದ ಮೇಲೆ ಹಾಕಲು ಬಿಡುವುದಿಲ್ಲ. ಮುಂದಿನ ರೂಪಾಯಿ ಬಡ್ಡಿಗೆ ಕಡಿತ ಸಿಗುತ್ತಿದೆಯಾ ಇಲ್ಲವಾ, ಇಲ್ಲೂ ಅದೇ ಪ್ರಶ್ನೆ.

ಹಂತ 4: 80ಸಿ ಖಾಲಿ ಇದೆಯಾ ನೋಡಿ

ಇದು ಹಳೇ ಪದ್ಧತಿಯವರಿಗೆ ಮಾತ್ರ. 80ಸಿ ಮಿತಿ 1.5 ಲಕ್ಷ. ಇಪಿಎಫ್ (ಸಂಬಳದಿಂದ ಹೋಗುವ ಪಿಎಫ್), ಎಲ್‌ಐಸಿ ಪ್ರೀಮಿಯಂ, ಮಕ್ಕಳ ಶಾಲೆಯ ಟ್ಯೂಷನ್ ಫೀಸು, ಹೋಮ್ ಲೋನ್ ಅಸಲು, ಪಿಪಿಎಫ್ ಎಲ್ಲ ಇದೇ ಒಂದು ಚೀಲದೊಳಗೆ. ಸಂಬಳ ಸ್ವಲ್ಪ ಚೆನ್ನಾಗಿದ್ದವರಿಗೆ ಇಪಿಎಫ್ ಮತ್ತು ಇಎಂಐ ಅಸಲಿನಲ್ಲೇ ಚೀಲ ತುಂಬಿರುತ್ತದೆ. ತುಂಬಿದ್ದರೆ ಪಿಪಿಎಫ್‌ಗೆ ಹಾಕುವಾಗ ಸಿಗುವ ಟ್ಯಾಕ್ಸ್ ಲಾಭ ಸೊನ್ನೆ.

ಖಾಲಿ ಇದ್ದರೆ? ಆಗಲೂ ಪಿಪಿಎಫ್ ಪರ ವಾಲಬೇಕಾಗಿಲ್ಲ, ಯಾಕೆಂದರೆ ನೀವು ಹೆಚ್ಚುವರಿ ಕಟ್ಟುವ ಅಸಲು ಕೂಡ 80ಸಿಯಲ್ಲಿ ಬರುತ್ತದೆ. ಇದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಎರಡೂ ಕಡೆ ಒಂದೇ ಲಾಭ ಇರುವಾಗ ಅದನ್ನು ಲೆಕ್ಕದಿಂದ ಬಿಡಬಹುದು. ಒಂದು ಷರತ್ತು ಮಾತ್ರ ಇದೆ: ಮನೆ ಸ್ವಾಧೀನಕ್ಕೆ ಬಂದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮಾರಿದರೆ, ಅಸಲಿಗೆ ಪಡೆದ 80ಸಿ ಲಾಭ ವಾಪಸ್ ಆದಾಯಕ್ಕೆ ಸೇರುತ್ತದೆ.

ಮನೆ ಇನ್ನೂ ಕಟ್ಟುತ್ತಿದ್ದರೆ ಕಥೆ ಬೇರೆ. ಕಟ್ಟಡ ಮುಗಿಯುವ ಮೊದಲು ಕಟ್ಟಿದ ಅಸಲಿಗೆ 80ಸಿ ಸಿಗುವುದಿಲ್ಲ. ಆ ಸಮಯದ ಬಡ್ಡಿಯನ್ನೂ ಮನೆ ಮುಗಿದ ಮೇಲೆ ಐದು ಸಮ ಕಂತಲ್ಲಿ, ಅದೇ 2 ಲಕ್ಷದ ಮಿತಿಯೊಳಗೆ ತೋರಿಸಬೇಕು. ಇಂಥ ಸಮಯದಲ್ಲಿ 80ಸಿ ಪೂರ್ತಿ ಖಾಲಿ ಇರುವ, 30ರ ಸ್ಲ್ಯಾಬ್‌ನ ಒಬ್ಬರು ಪಿಪಿಎಫ್‌ಗೆ 1.5 ಲಕ್ಷ ಹಾಕಿದರೆ ಆ ವರ್ಷವೇ 46,800 ರೂಪಾಯಿ ಟ್ಯಾಕ್ಸ್ ಉಳಿಯುತ್ತದೆ. ಇಲ್ಲಿ ಪಿಪಿಎಫ್ ನಿಸ್ಸಂದೇಹವಾಗಿ ಗೆಲ್ಲುತ್ತದೆ.

ಹಂತ 5: ರೂಪಾಯಿಯಲ್ಲಿ ನೋಡಿ, ಆದರೆ ಒಂದೇ ತಾರೀಖಿನಲ್ಲಿ ನೋಡಿ

ಪ್ರೀಪೇಮೆಂಟ್ ಬಗ್ಗೆ ಮಾತಾಡುವವರು ದೊಡ್ಡ ದೊಡ್ಡ ಸಂಖ್ಯೆ ಹೇಳುತ್ತಾರೆ. ಸುಳ್ಳಲ್ಲ. ನಮ್ಮ 40 ಲಕ್ಷದ ಸಾಲದಲ್ಲಿ ಮೊದಲ ವರ್ಷದ ಕೊನೆಗೆ ಒಂದೇ ಒಂದು ಸಲ 1.5 ಲಕ್ಷ ಹೆಚ್ಚುವರಿ ಕಟ್ಟಿ, ಇಎಂಐ ಹಾಗೇ ಇಟ್ಟರೆ, ಕೊನೆಯಲ್ಲಿ ಸುಮಾರು 20 ಕಂತು ಕಡಿಮೆ ಆಗುತ್ತದೆ. ಅಂದರೆ ಸುಮಾರು 7 ಲಕ್ಷ ಕಟ್ಟುವುದು ತಪ್ಪುತ್ತದೆ. ಒಂದೂವರೆಗೆ ಏಳು! ಕೇಳಲು ಚೆನ್ನಾಗಿದೆ.

ಆದರೆ ಆ 7 ಲಕ್ಷ ಉಳಿಯುವುದು ಇಂದಲ್ಲ, 17ರಿಂದ 19 ವರ್ಷ ಆದ ಮೇಲೆ. ಅದೇ 1.5 ಲಕ್ಷ ಪಿಪಿಎಫ್‌ನಲ್ಲಿ 7.1ರಲ್ಲಿ ಅಷ್ಟೇ ಕಾಲ ಬೆಳೆದಿದ್ದರೆ ಸುಮಾರು 5.2 ಲಕ್ಷ ಆಗುತ್ತಿತ್ತು. ಹಾಗಾಗಿ ಹೋಲಿಸಬೇಕಾದದ್ದು ಏಳನ್ನು ಒಂದೂವರೆಗಲ್ಲ, ಏಳನ್ನು ಐದು ಚಿಲ್ಲರೆಗೆ. ಸಾಲ ತೀರಿಸಿದ್ದೇ ಗೆದ್ದಿತು, ಆದರೆ ಗೆಲುವಿನ ಅಂತರ 1.8 ಲಕ್ಷ, ಅದೂ ಸುಮಾರು 18 ವರ್ಷದ ನಂತರ, ಅದೂ ಎರಡೂ ದರ ಬದಲಾಗದೆ ಇದ್ದರೆ.

ಈಗ ಲೋನ್ ದರ 7.5 ಇರುವವರು ಇದನ್ನೇ ನೋಡಲಿ. ವರ್ಷದ ಲೆಕ್ಕದಲ್ಲಿ ಅದು 7.76, ಪಿಪಿಎಫ್ 7.1. ಅಂತರ 0.66. ಒಂದೂವರೆ ಲಕ್ಷಕ್ಕೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ. ಇಷ್ಟು ಸಣ್ಣ ಅಂತರಕ್ಕೆ ಬಡ್ಡಿ ಲೆಕ್ಕವನ್ನೇ ಹಿಡಿದು ಕೂರುವುದರಲ್ಲಿ ಅರ್ಥ ಇಲ್ಲ. ಆ ದುಡ್ಡು ಮುಂದೆ ನಿಮಗೆ ಯಾವಾಗ ಬೇಕಾಗುತ್ತದೆ ಅನ್ನುವುದೇ ತೀರ್ಮಾನ ಮಾಡಲಿ.

ಹಂತ 6: ದುಡ್ಡು ವಾಪಸ್ ಬೇಕಾದರೆ?

ಲೋನ್‌ಗೆ ಕಟ್ಟಿದ್ದು ವಾಪಸ್ ಬರುವುದಿಲ್ಲ. ಬೇಕಾದರೆ ಟಾಪ್-ಅಪ್ ಲೋನ್ ಅಂತ ಮತ್ತೆ ಅರ್ಜಿ ಹಾಕಬೇಕು, ಅದನ್ನು ಸಂಬಳದ ಸ್ಲಿಪ್ ನೋಡಿ ಕೊಡುತ್ತಾರೆ. ಕೆಲಸ ಹೋದಾಗ ತಾನೇ ದುಡ್ಡು ಬೇಕಾಗುವುದು, ಆಗ ಸ್ಲಿಪ್ ಎಲ್ಲಿಂದ ತರುತ್ತೀರಿ?

ಪಿಪಿಎಫ್ 15 ವರ್ಷದ್ದು, ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲಿಂದ ಎಣಿಕೆ. ಮೂರನೇ ವರ್ಷದಿಂದ ಆರನೇ ವರ್ಷದವರೆಗೆ ಅದರ ಮೇಲೆ ಸಣ್ಣ ಸಾಲ ಸಿಗುತ್ತದೆ. ಏಳನೇ ಹಣಕಾಸು ವರ್ಷದಿಂದ ವರ್ಷಕ್ಕೊಮ್ಮೆ ಭಾಗಶಃ ತೆಗೆಯಬಹುದು: ಹಿಂದಿನ ವರ್ಷದ ಕೊನೆಯ ಬಾಕಿ, ನಾಲ್ಕು ವರ್ಷ ಹಿಂದಿನ ಬಾಕಿ, ಇವೆರಡರಲ್ಲಿ ಕಡಿಮೆ ಇರುವುದರ ಅರ್ಧ. ಐದು ವರ್ಷದ ನಂತರ ಗಂಭೀರ ಕಾಯಿಲೆ, ಉನ್ನತ ಶಿಕ್ಷಣದಂಥ ಕಾರಣಗಳಿಗೆ ಖಾತೆಯನ್ನೇ ಮುಚ್ಚಬಹುದು, ಬಡ್ಡಿಯಲ್ಲಿ ಶೇ 1 ಕಡಿತ ಆಗುತ್ತದೆ.

ಇಲ್ಲಿ ನಾನು ಎಲ್ಲರಿಗೂ ಹೇಳುವ ಮಾತೊಂದಿದೆ. ನಿಮ್ಮ ಲೆಕ್ಕ ಸಾಲ ತೀರಿಸು ಅಂತ ಹೇಳಿದರೂ ಪಿಪಿಎಫ್ ಖಾತೆ ಒಂದನ್ನು ಇವತ್ತೇ ತೆರೆದಿಡಿ. ವರ್ಷಕ್ಕೆ 500 ರೂಪಾಯಿ ಹಾಕಿದರೆ ಸಾಕು, ಜೀವಂತ ಇರುತ್ತದೆ. ಏಳನೇ ವರ್ಷ, ಹದಿನೈದನೇ ವರ್ಷ ಅನ್ನುವ ಗಡಿಯಾರ ಖಾತೆ ತೆರೆದ ವರ್ಷದಿಂದ ಓಡುತ್ತದೆ, ದುಡ್ಡು ಹಾಕಿದ ವರ್ಷದಿಂದಲ್ಲ. ಈಗ ತೆರೆದು ಬರೀ 500 ಹಾಕುತ್ತಾ ಸಾಲ ತೀರಿಸಿ, ಹತ್ತು ವರ್ಷದ ನಂತರ ವರ್ಷಕ್ಕೆ ಒಂದೂವರೆ ಲಕ್ಷ ಹಾಕಲು ಶುರು ಮಾಡಿದರೆ ಆ ದೊಡ್ಡ ಮೊತ್ತಕ್ಕೆ ಲಾಕ್-ಇನ್ ಕೆಲವೇ ವರ್ಷ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಮುಂದುವರಿಸಬಹುದು. ಹೊಸದಾಗಿ ಹಾಕದೆ ಮುಂದುವರಿಸಿದರೆ ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ಈಗಾಗಲೇ ಹನ್ನೆರಡು, ಹದಿಮೂರು ವರ್ಷದ ಹಳೇ ಖಾತೆ ಇರುವವರಿಗೆ ಲೋನ್ ದರ 7.5ರ ಆಸುಪಾಸು ಇದ್ದರೆ, ವರ್ಷಕ್ಕೆ ಸಾವಿರ ರೂಪಾಯಿ ಬಿಟ್ಟುಕೊಟ್ಟರೂ ಪಿಪಿಎಫ್‌ಗೇ ಹಾಕಿ ಅನ್ನುತ್ತೇನೆ. ತೆರಿಗೆ ಇಲ್ಲದ, ಕೈಗೆ ಸಿಗುವ ದುಡ್ಡಿಗೆ ಅಷ್ಟು ಬೆಲೆ ಇದೆ. ಬಿಸಿನೆಸ್ ಮಾಡುವವರಿಗೆ ಇನ್ನೊಂದು ಅನುಕೂಲ, ನಿಮಗೆ ಸಾಲ ಕೊಟ್ಟವರು ಕೋರ್ಟ್ ಡಿಕ್ರಿ ತಂದರೂ ಪಿಪಿಎಫ್ ಜಪ್ತಿ ಮಾಡುವಂತಿಲ್ಲ.

ಎರಡರ ನಡುವೆ ಒಂದು ದಾರಿ ಓವರ್‌ಡ್ರಾಫ್ಟ್ ಮಾದರಿಯ ಹೋಮ್ ಲೋನ್. ಎಸ್‌ಬಿಐನಲ್ಲಿ ಮ್ಯಾಕ್ಸ್‌ಗೇನ್ ಅಂತ ಇದೆ, ಬೇರೆ ಬ್ಯಾಂಕುಗಳಲ್ಲೂ ಇಂಥದ್ದು ಬೇರೆ ಬೇರೆ ಹೆಸರಲ್ಲಿ ಇದೆ. ಹೆಚ್ಚುವರಿ ದುಡ್ಡನ್ನು ಲೋನ್ ಖಾತೆಯಲ್ಲಿ ಇಟ್ಟರೆ ಅಷ್ಟಕ್ಕೆ ಬಡ್ಡಿ ನಿಲ್ಲುತ್ತದೆ, ಬೇಕಾದಾಗ ತೆಗೆಯಬಹುದು. ದರ ಸ್ವಲ್ಪ ಜಾಸ್ತಿ ಇರುತ್ತದೆ, ಮತ್ತು ಹಾಗೆ ಇಟ್ಟ ದುಡ್ಡು ಅಸಲು ಕಟ್ಟಿದಂತೆ ಅಲ್ಲ, 80ಸಿಗೆ ಬರುವುದಿಲ್ಲ. ಕೈಯಲ್ಲಿ ಯಾವಾಗಲೂ ಒಂದಿಷ್ಟು ಲಕ್ಷ ಓಡಾಡುತ್ತಿರುವವರಿಗೆ ತುಂಬಾ ಒಳ್ಳೆಯದು. ತಿಂಗಳ ಕೊನೆಗೆ ಏನೂ ಉಳಿಯದವರು ಸುಮ್ನೆ ಜಾಸ್ತಿ ಬಡ್ಡಿ ಕಟ್ಟಿದಂತಾಗುತ್ತದೆ.

ವಯಸ್ಸನ್ನೂ ನೋಡಿ. ನಿವೃತ್ತಿಗೆ ಎಂಟು ವರ್ಷ ಇದೆ, ಲೋನ್ ಹನ್ನೆರಡು ವರ್ಷ ಇದೆ ಅಂದರೆ ಗೆರೆಯ ಲೆಕ್ಕ ಏನೇ ಹೇಳಲಿ, ಸಂಬಳ ನಿಲ್ಲುವ ಮೊದಲು ಸಾಲ ಮುಗಿಸಿ.

ಹಂತ 7: ಪಿಪಿಎಫ್ ಅಂತ ತೀರ್ಮಾನ ಆದರೆ

ತಿಂಗಳ 5ನೇ ತಾರೀಖಿನೊಳಗೆ ಹಾಕಿ. 5ರ ವ್ಯವಹಾರ ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿ. ಒಂದೇ ಸಲ ಹಾಕುವವರು ಏಪ್ರಿಲ್ 5ರೊಳಗೆ ಹಾಕಿದರೆ ವರ್ಷಪೂರ್ತಿ ಬಡ್ಡಿ ಸಿಗುತ್ತದೆ. ಒಂದೂವರೆ ಲಕ್ಷವನ್ನು 6ಕ್ಕೆ ಹಾಕಿದರೆ ಒಂದು ತಿಂಗಳ 887 ರೂಪಾಯಿ ಹೋಯಿತು. ಮಾರ್ಚ್ ಕೊನೆಯಲ್ಲಿ ಓಡಿಹೋಗಿ ಹಾಕುವ ಅಭ್ಯಾಸ ಬಿಡಿ.

ವರ್ಷದ ಗರಿಷ್ಠ 1.5 ಲಕ್ಷ. ನಿಮ್ಮದು ಮತ್ತು ನೀವು ನೋಡಿಕೊಳ್ಳುವ ಮಗುವಿನ ಖಾತೆ ಎರಡೂ ಸೇರಿ ಈ ಮಿತಿ, ಬೇರೆ ಬೇರೆ ಅಲ್ಲ. ಗಂಡ ಹೆಂಡತಿಗೆ ಮಾತ್ರ ತಲಾ ಒಂದೂವರೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಪೂರ್ತಿ ಹಾಕಿ, ದರ 7.1ರಲ್ಲೇ ಇದ್ದರೆ 15 ವರ್ಷಕ್ಕೆ ಸುಮಾರು 40.68 ಲಕ್ಷ ಆಗುತ್ತದೆ. ನಾಮಿನಿ ಹೆಸರು ಇದೆಯಾ ನೋಡಿ.

ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಪಿಪಿಎಫ್‌ಗಿಂತ ಮೊದಲು ಸುಕನ್ಯಾ ಸಮೃದ್ಧಿ ನೋಡಿ. 2024ರ ಜನವರಿಯಿಂದ ಅದರ ದರ ಶೇ 8.2, ಬಡ್ಡಿಗೆ ತೆರಿಗೆ ಇಲ್ಲ. 7.5ರ ಹೋಮ್ ಲೋನ್ ಅನ್ನೂ ಅದು ಸೋಲಿಸುತ್ತದೆ. ಸಂಬಳದವರಿಗೆ ವಿಪಿಎಫ್ (ಇಪಿಎಫ್ ಖಾತೆಗೆ ನೀವಾಗಿಯೇ ಹೆಚ್ಚುವರಿ ಹಾಕುವುದು) ಕೂಡ ಹೀಗೇ. 2024-25ಕ್ಕೆ ಇಪಿಎಫ್ ದರ 8.25 ಇತ್ತು. ನಿಮ್ಮ ಪಾಲಿನ ವಂತಿಗೆ ವರ್ಷಕ್ಕೆ 2.5 ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ, ಅದರೊಳಗೆ ಇಟ್ಟುಕೊಳ್ಳಿ.

ಹಂತ 8: ಸಾಲ ತೀರಿಸುವುದು ಅಂತ ತೀರ್ಮಾನ ಆದರೆ

ಫ್ಲೋಟಿಂಗ್ ದರದ ಹೋಮ್ ಲೋನ್‌ಗೆ ವ್ಯಕ್ತಿಗಳಿಂದ ಪ್ರೀಪೇಮೆಂಟ್ ದಂಡ ವಸೂಲಿ ಮಾಡುವಂತಿಲ್ಲ, ಬ್ಯಾಂಕುಗಳಿಗೆ 2012ರಿಂದಲೇ ಆರ್‌ಬಿಐ ಇದನ್ನು ಹೇಳಿದೆ. ಫಿಕ್ಸೆಡ್ ದರವಾದರೆ ಒಪ್ಪಂದದ ಪತ್ರ ಓದಿ, ಶುಲ್ಕ ಇರಬಹುದು. ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹೆಚ್ಚುವರಿ ಕಟ್ಟುವಾಗ ಬ್ಯಾಂಕ್ ಎರಡು ಆಯ್ಕೆ ಕೊಡುತ್ತದೆ: ಇಎಂಐ ಕಡಿಮೆ ಮಾಡುವುದು, ಅಥವಾ ಅವಧಿ ಕಡಿಮೆ ಮಾಡುವುದು. ಅವಧಿ ಕಡಿಮೆ ಮಾಡಿ ಅನ್ನಿ. ಇಎಂಐ ಕಡಿಮೆ ಮಾಡಿಸಿಕೊಂಡರೆ ಪ್ರತಿ ತಿಂಗಳು ಕೈಯಲ್ಲಿ ಸಾವಿರದ ಮೇಲೆ ಒಂದಿಷ್ಟು ಉಳಿಯುತ್ತದೆ, ಅದು ಎಲ್ಲಿ ಖರ್ಚಾಯಿತು ಅಂತ ಗೊತ್ತಾಗುವುದಿಲ್ಲ. ತಿಂಗಳ ಖರ್ಚು ಬಿಗಿಯಾಗಿದ್ದು ಉಸಿರಾಡಲು ಜಾಗ ಬೇಕು ಅನ್ನುವವರು ಮಾತ್ರ ಇಎಂಐ ಇಳಿಸಿಕೊಳ್ಳಲಿ, ಅದರಲ್ಲಿ ತಪ್ಪೇನೂ ಇಲ್ಲ.

ದುಡ್ಡನ್ನು ಲೋನ್ ಖಾತೆಗೆ ಹಾಕಿ ಸುಮ್ಮನೆ ಕೂರಬೇಡಿ. ಕೆಲವು ಕಡೆ ಅದು ಮುಂದಿನ ಇಎಂಐಗೆ ಮುಂಗಡ ಅಂತ ಸೇರಿಬಿಡುತ್ತದೆ, ಅಸಲಿಗೆ ಹೋಗಿರುವುದಿಲ್ಲ. ಪಾರ್ಟ್ ಪೇಮೆಂಟ್ ಅಂತಲೇ ಆಯ್ಕೆ ಮಾಡಿ, ಒಂದು ವಾರದ ನಂತರ ಹೊಸ ಕಂತು ಪಟ್ಟಿ ಡೌನ್‌ಲೋಡ್ ಮಾಡಿ, ಬಾಕಿ ಅಸಲು ಅಷ್ಟೇ ಇಳಿದಿದೆಯಾ, ಕೊನೆಯ ಕಂತಿನ ತಿಂಗಳು ಹಿಂದಕ್ಕೆ ಬಂದಿದೆಯಾ ನೋಡಿ. ಹಳೇ ಪದ್ಧತಿಯವರು ವರ್ಷದ ಬಡ್ಡಿ ಮತ್ತು ಅಸಲಿನ ಸರ್ಟಿಫಿಕೇಟ್‌ನಲ್ಲಿ ಈ ಮೊತ್ತ ಬಂದಿದೆಯಾ ಅಂತಲೂ ನೋಡಬೇಕು.

ದೊಡ್ಡ ಮೊತ್ತ ಇಲ್ಲದವರು ವರ್ಷಕ್ಕೆ ಒಂದು ಇಎಂಐ ಹೆಚ್ಚುವರಿ ಕಟ್ಟಿದರೂ ನಮ್ಮ 20 ವರ್ಷದ ಸಾಲ 3 ವರ್ಷಕ್ಕೂ ಹೆಚ್ಚು ಮುಂಚಿತವಾಗಿ ಮುಗಿಯುತ್ತದೆ. ಇನ್ನೊಂದು ಸುಲಭದ ದಾರಿ: ರೆಪೊ ಇಳಿದಾಗ ಇಎಂಐ ಇಳಿಸಬೇಡಿ, ಹಳೇ ಇಎಂಐಯನ್ನೇ ಇಡಿ ಅಂತ ಬ್ಯಾಂಕಿಗೆ ಬರೆದುಕೊಡಿ.

ಈ ಲೆಕ್ಕವನ್ನು ಒಂದು ಸಲ ಮಾಡಿ ಮರೆಯುವಂತಿಲ್ಲ. ಬಾಕಿ ಸಾಲ ಇಳಿಯುತ್ತದೆ, ಲೋನ್ ದರ ಬದಲಾಗುತ್ತದೆ, ಸ್ಲ್ಯಾಬ್ ಬದಲಾಗುತ್ತದೆ, ಸಂಬಳದವರು ಪ್ರತಿ ವರ್ಷ ಹಳೇ ಪದ್ಧತಿಯೋ ಹೊಸದೋ ಅಂತ ಆರಿಸಿಕೊಳ್ಳಬಹುದು. ಏಪ್ರಿಲ್ ಮೊದಲ ಮೂರು ದಿನದಲ್ಲಿ ಮಾಡಿ, ಆಗ ಉತ್ತರ ಪಿಪಿಎಫ್ ಬಂದರೆ 5ನೇ ತಾರೀಖು ತಪ್ಪುವುದಿಲ್ಲ.

ಸಾಲ ಪೂರ್ತಿ ಮುಗಿಯುವ ದಿನಕ್ಕೆ ಒಂದು ವಿಷಯ. ಮುಗಿದ 30 ದಿನದೊಳಗೆ ಮನೆಯ ಎಲ್ಲ ಮೂಲ ಪತ್ರಗಳನ್ನು ಬ್ಯಾಂಕ್ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ಆರ್‌ಬಿಐ ನಿಯಮ ಇದೆ. ಸಾಲ ಪಡೆದಾಗ ಕೊಟ್ಟ ಪತ್ರಗಳ ಪಟ್ಟಿಯನ್ನು ಈಗಲೇ ಹುಡುಕಿ ಒಂದು ಫೈಲಿನಲ್ಲಿಡಿ. ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಂಡ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಡಮಾನ ನೋಂದಣಿ ಆಗಿದ್ದರೆ ಅದನ್ನು ರದ್ದು ಮಾಡಿಸಿ, ಹೊಸ ಇಸಿ (ಆಸ್ತಿ ಮೇಲೆ ಋಣಭಾರ ಇದೆಯಾ ಅಂತ ತೋರಿಸುವ ಪತ್ರ) ತೆಗೆದು ನೋಡಿ, ಕ್ರೆಡಿಟ್ ರಿಪೋರ್ಟ್‌ನಲ್ಲಿ ಲೋನ್ ಕ್ಲೋಸ್ಡ್ ಅಂತ ಬಂದಿದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಿ.